ಪಿನಿಂಗ್ ಅತ್ತ ಕಂತು

ಆಲಿಂಗ್ ಕೊಂಚಿಂಗ್, ಎಂದರೆ ಕೊಂಚಿಂಗಮ್ಮ, ಸತ್ತದ್ದು ಸಂತೆಯಲ್ಲಿ, ಚಿಪ್ಪುಮೀನಿನ ಬುಟ್ಟಿಯ ಮುಂದೆ ಚೌಕಾಸಿ ಮಾಡುತ್ತ ನಿಂತಿದ್ದಾಗ. "ಒಳಗೇನು ಮುತ್ತಿಟ್ಟಿದೀಯೇನಯ್ಯ, ಈ ರೇಟು ಹೇಳೋಕೆ?" ಎಂದು ಕೇಳಿದವಳು ಉತ್ತರ ಬರುವ ಮೊದಲೇ ಕುಸಿದಳು. ಮಾರುವವನು ಅದನ್ನೂ ಚೌಕಾಸಿಯ ಒಂದು ವರಸೆ ಎಂದುಕೊಂಡು ಸ್ವಲ್ಪ ಹೊತ್ತು ನಗುತ್ತಲೇ ನಿಂತಿದ್ದನಂತೆ.

ಮಗಳು ಅದೆಲ್ಫಾಗೆ ಸುದ್ದಿ ಮುಟ್ಟಿದಾಗ ಅವಳು ತಮ್ಮ ಶ್ಯಾವಿಗೆ ಅಂಗಡಿಯಲ್ಲಿ ಬಾಣಲೆ ಒಲೆಗೇರಿಸಿದ್ದಳು. ಒಲೆ ಆರಿಸಿದಳು. ಕೈ ತೊಳೆದಳು. ಬಾಗಿಲಿಗೆ ಬೀಗ ಹಾಕಿ, ಬಿದ್ದಿದೆಯೇ ಎಂದು ಒಂದು ಸಲ ಎಳೆದು ನೋಡಿ, ಆಮೇಲೆ ಹೋದಳು. ಹಾಗೆ ಎಳೆದು ನೋಡಿದ್ದನ್ನು ಎದುರಿನ ಕ್ಷೌರದಂಗಡಿಯ ಪೊಲ್ದೋ ಕಂಡಿದ್ದ. ಪೊಲ್ದೋ ಕಂಡದ್ದು ಮನಿಲಾ ಪಕ್ಕದ ಮಲಬೋನಿನ ಆ ಬೀದಿಗೆಲ್ಲ ಕಂಡಂತೆಯೇ.

ಬೇರೆ ಯಾರಾದರೂ ಬೀಗ ಎಳೆದು ನೋಡಿದ್ದರೆ ಅದೊಂದು ಮಾತಾಗುತ್ತಿರಲಿಲ್ಲ. ಆದರೆ ಅದೆಲ್ಫಾ ಎಂದರೆ ಪಿನಿಂಗ್. ಮೂವತ್ತು ವರ್ಷಗಳ ಹಿಂದೆ 'ಹೊಳೆದಂಡೆ ಮನೆ' ಎಂಬ ಟೀವಿ ಧಾರಾವಾಹಿಯಲ್ಲಿ ಬೆಸ್ತರ ಹುಡುಗಿ ಪಿನಿಂಗ್ ಆಗಿ ಅತ್ತು ಅತ್ತು ಇಡೀ ದೇಶವನ್ನು ಅಳಿಸಿದವಳು. ಅವಳು ಅಳುವ ಹೊತ್ತಿಗೆ ಮನಿಲಾದ ಬಸ್ಸುಗಳು ಖಾಲಿ ಓಡುತ್ತಿದ್ದವು ಎಂದು ಹಳಬರು ಇಂದಿಗೂ ಹೇಳುತ್ತಾರೆ. ಅಂಥವಳ ಹೆತ್ತ ತಾಯಿ ಸತ್ತಿದ್ದಾಳೆ. ಹಾಗಾಗಿ ಮಣ್ಣಿಗೊಯ್ಯುವ ಮುಂಚೆ ಕೆಲವು ದಿನ ಮನೆಯಲ್ಲೇ ಇಟ್ಟ ಹೆಣದ ಮುಖ ನೋಡಲು ಬಂದವರೆಲ್ಲ, ಒಂದು ಕಣ್ಣು ಶವಪೆಟ್ಟಿಗೆಯ ಗಾಜಿನ ಮೇಲಿಟ್ಟರೆ ಇನ್ನೊಂದನ್ನು ಮಗಳ ಮೇಲಿಟ್ಟಿದ್ದರು.

ಮಗಳು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಈರುಳ್ಳಿಗೂ ಅವಳ ಕಣ್ಣಲ್ಲಿ ನೀರು ಬರಲಿಲ್ಲ.

"ಅದೆಲ್, ಒಂದ್ಸಲ ಬಂದು ಪೆಟ್ಟಿಗೆ ಹತ್ರ ನಿಂತ್ಕೊಳೇ," ಎಂದು ಬೆರ್ತಾ ಚಿಕ್ಕಮ್ಮ ಬಾಗಿಲಲ್ಲಿ ಕಾಣಿಸಿಕೊಂಡಳು. ಸತ್ತವಳ ಬೆನ್ನಿಗೆ ಹುಟ್ಟಿದ ತಂಗಿ. ಅಕ್ಕನದೇ ದಪ್ಪ ಗದ್ದ, ಅಕ್ಕನದೇ ಗಂಟಲು. "ಜನ ನೋಡ್ತಿದಾರೆ."

"ನೋಡ್ಲಿ ಬಿಡು ಚಿಕ್ಕಮ್ಮ. ಅಮ್ಮ ಚೆನ್ನಾಗೇ ಕಾಣ್ತಿದಾರೆ."

"ಅಮ್ಮನ್ನಲ್ವೇ. ನಿನ್ನ."

ಅದೆಲ್ಫಾ ಚಾಕು ಕೆಳಗಿಟ್ಟು ಹೋಗಿ ನಿಂತಳು. ಚಿಕ್ಕಮ್ಮ ಮಡಿಸಿದ ಕರವಸ್ತ್ರವೊಂದನ್ನು ಅವಳ ಗದ್ದದ ಹತ್ತಿರ ಹಿಡಿದಳು. ಕಣ್ಣೀರು ಪೆಟ್ಟಿಗೆಯ ಗಾಜಿನ ಮೇಲೆ ಬಿದ್ದರೆ ಹೋಗುವ ಜೀವಕ್ಕೆ ದಾರಿ ಭಾರವಾಗುತ್ತದೆ, ಆ ಎಚ್ಚರಿಕೆ. ಎಷ್ಟು ಹೊತ್ತು ಹಿಡಿದರೂ ಕರವಸ್ತ್ರ ಇಸ್ತ್ರಿ ಮಾಡಿದ ಹಾಗೇ ಇತ್ತು. ಕೊನೆಗೆ ಬೆರ್ತಾ ಅದರಲ್ಲಿ ತನ್ನ ಕತ್ತಿನ ಬೆವರು ಒರೆಸಿಕೊಂಡಳು.

ಅಮ್ಮನ ತುಟಿಗೆ ಯಾರೋ ಬಣ್ಣ ಹಚ್ಚಿದ್ದರು. ಬದುಕಿದ್ದಾಗ ಹಚ್ಚಿದವಳಲ್ಲ. ಅದೆಲ್ಫಾ ಅದನ್ನು ನೋಡಿದಳು. ಕಾಲು ಜೋಮು ಹಿಡಿದಾಗ ಚಿವುಟಿದರೆ ಬೇರೆಯವರ ಕಾಲು ಚಿವುಟಿದಂತೆ ಅನ್ನಿಸುತ್ತದಲ್ಲ, ಅವಳಿಗೆ ಮೈಯೆಲ್ಲ ಹಾಗಾಗಿತ್ತು.

ಅಷ್ಟರಲ್ಲಿ ಬೀದಿಯಾಚೆಯಿಂದ ಮಗುವೊಂದು ಬಿಕ್ಕುವ ಸದ್ದು ಬಂತು. ಮೊದಲು ಸಣ್ಣಗೆ, ಆಮೇಲೆ ಉಸಿರು ಕಟ್ಟಿ, ಆಮೇಲೆ ಹೊಟ್ಟೆಯ ಆಳದಿಂದ. ಪ್ರಾರ್ಥನೆಗೆ ಕೂತ ಹೆಂಗಸರು ಮಣಿಸರ ಹಿಡಿದ ಕೈ ನಿಲ್ಲಿಸಿ ಹೊರಗೆ ಇಣುಕಿದರು.

ಪೊಲ್ದೋನ ಅಂಗಡಿಯ ಟೀವಿ. 'ಹೊಳೆದಂಡೆ ಮನೆ'ಯ ಕಂತುಗಳನ್ನೆಲ್ಲ ಹುಡುಕಿ, ತೊಳೆದು, ಡಿವಿಡಿಗೆ ಹಾಕಿ ಚಂದದ ಡಬ್ಬಿಯಲ್ಲಿ ಮಾರಾಟಕ್ಕೆ ಬಿಟ್ಟು ಇನ್ನೂ ವಾರ ಆಗಿರಲಿಲ್ಲ. ನಮ್ಮ ಬೀದಿಯ ಹುಡುಗಿ ಎಂಬ ಅಭಿಮಾನಕ್ಕೆ ಪೊಲ್ದೋ ಮೊದಲ ದಿನವೇ ಕೊಂಡಿದ್ದ. ಬೆಳಗಿಂದ ಸಂಜೆಯವರೆಗೆ ಅದನ್ನೇ ಹಾಕುತ್ತಿದ್ದ. ಸಾವಿನ ಮನೆಗೆ ಬಂದವರು ಇಲ್ಲಿ ಶ್ಯಾವಿಗೆ ತಿಂದು, ಅಲ್ಲಿ ಹೋಗಿ ಒಂದು ಕಂತು ನೋಡಿ, ಮೂಗು ಒರೆಸಿಕೊಂಡು ಹೋಗುತ್ತಿದ್ದರು.

"ಹೋಗಿ ಆರಿಸೋಕೆ ಹೇಳ್ರೇ ಯಾರಾದ್ರೂ," ಎಂದಳು ಬೆರ್ತಾ. "ಹೆಣ ಇಲ್ಲಿದೆ, ಇವನಿಗೆ ಸಿನಿಮಾ."

ಪ್ರಾರ್ಥನೆ ಹೇಳಿಸುತ್ತಿದ್ದ ಮುದುಕಿ ತಲೆ ಎತ್ತಲಿಲ್ಲ. "ಇರ್ಲಿ ಬಿಡು ಬೆರ್ತಾ. ಕೊಂಚಿಂಗ್‌ಗೋಸ್ಕರ ಈ ಬೀದೀಲಿ ಒಬ್ಬಳಾದ್ರೂ ಅಳ್ತಿದಾಳಲ್ಲ."

ಯಾರೋ ಕಿಸಕ್ಕೆಂದರು. ಅದೆಲ್ಫಾ ಒಳಗೆ ಹೋಗಿ ಉಳಿದ ಈರುಳ್ಳಿ ಹೆಚ್ಚಿದಳು.

ಅವಳು ಪಿನಿಂಗ್ ಆದದ್ದು ಆಕಸ್ಮಿಕ. ಆಗ ಅಮ್ಮ ಟೀವಿ ಸ್ಟುಡಿಯೋದ ಜನರಿಗೆ ಮಧ್ಯಾಹ್ನದ ಶ್ಯಾವಿಗೆ ಒಯ್ದು ಕೊಡುತ್ತಿದ್ದಳು. ಏಳು ವರ್ಷದ ಮಗಳು ಶಾಲೆಗೆ ರಜೆಯೆಂದು ಜೊತೆಗೆ ಹೋಗಿದ್ದಳು. ದೀಪದ ಕಂಬವೊಂದು ಧಡಾರನೆ ಪಕ್ಕದಲ್ಲೇ ಬಿತ್ತು, ಹುಡುಗಿ ಅತ್ತಳು. ಎಲ್ಲರೂ ಮಗುವಿಗೆ ಪೆಟ್ಟಾಯಿತೇ ಎಂದು ಓಡಿಬಂದರೆ ನಿರ್ದೇಶಕನೊಬ್ಬ ಮಾತ್ರ ನಿಂತಲ್ಲೇ ನಿಂತು ಅವಳ ಮುಖವನ್ನೇ ನೋಡುತ್ತಿದ್ದ. ಮರುವಾರ ಅವಳಿಗೆ ಪಿನಿಂಗ್ ಪಾತ್ರ ಸಿಕ್ಕಿತು.

ಆದರೆ ಕಂಬ ದಿನಾ ಬೀಳುವುದಿಲ್ಲವಲ್ಲ. ಎರಡನೆಯ ದಿನ ಹುಡುಗಿ ಅಳಲಿಲ್ಲ. ಬೈದರೂ ಇಲ್ಲ, ಮಿಠಾಯಿ ಕಸಿದರೂ ಇಲ್ಲ. ಆಗ ಅಮ್ಮ ಅಂಗಿಯ ತುದಿಯಲ್ಲಿ ಕೈ ಒರೆಸಿಕೊಳ್ಳುತ್ತ ಬಂದು, ಬಗ್ಗಿ, ಮಗಳ ಕಿವಿಯಲ್ಲಿ ಏನೋ ಹೇಳಿದಳು. ಹುಡುಗಿ ಅಳಲು ಶುರುಮಾಡಿದವಳು ನಿರ್ದೇಶಕ ಸಾಕು ಎಂದ ಮೇಲೂ ನಿಲ್ಲಿಸಲಿಲ್ಲ. ಅಂದಿನಿಂದ ಅದೇ ಪದ್ಧತಿಯಾಯಿತು. 'ಕೊಂಚಿಂಗ್, ಕಿವಿ' ಎಂದು ನಿರ್ದೇಶಕ ಕೂಗುವುದು, ಅಮ್ಮ ಬಂದು ಬಗ್ಗುವುದು.

ಏನು ಹೇಳುತ್ತಿದ್ದಳು ಎಂದು ಪತ್ರಿಕೆಯವರು ಕೇಳಿದ್ದರು, ನೆರೆಯವರು ಕೇಳಿದ್ದರು, ಪೊಲ್ದೋ ಇವತ್ತಿಗೂ ಕೇಳುತ್ತಾನೆ. ತಾಯಿ ಮಗಳು ಇಬ್ಬರೂ ಹೇಳಿರಲಿಲ್ಲ. ಹೇಳುತ್ತಿದ್ದುದು ಒಂದೇ ಮಾತು: "ನಿನ್ನಪ್ಪ ಸತ್ತುಹೋದ್ರು ಮಗಳೇ."

ಅವಳಪ್ಪ ಇಂಗೋ ಸರಕಿನ ಹಡಗಿನಲ್ಲಿ ಕೆಲಸಕ್ಕಿದ್ದ. ವರ್ಷಕ್ಕೊಮ್ಮೆ ಬರುವವನು. ಶಾಟ್ ಮುಗಿದ ಕೂಡಲೇ ಅಮ್ಮ ಓಡಿಬಂದು ತಬ್ಬಿಕೊಳ್ಳುತ್ತಿದ್ದಳು. "ಸುಳ್ಳು ಕಣೇ, ಸುಳ್ಳು. ಅಪ್ಪ ಚೆನ್ನಾಗಿದಾರೆ. ಕ್ಯಾಮೆರಾಗೆ ಹೇಳಿದ್ದು." ಕೆಲವು ಸಲ ಆದ ಮೇಲೆ ಹುಡುಗಿಗೆ ಅದು ಸುಳ್ಳೆಂದು ಗೊತ್ತಿರುತ್ತಿತ್ತು. ಗೊತ್ತಿದ್ದೂ ಅಳುತ್ತಿದ್ದಳು. ಈ ಸಲ ನಿಜವಾಗಿದ್ದರೆ ಎಂಬುದೊಂದು ಎಳೆ ಸಾಕಾಗುತ್ತಿತ್ತು.

ಒಂದು ಸಲ ನಿಜವೇ ಆಯಿತು. ಅಂದಿನ ದೃಶ್ಯ ದೊಡ್ಡದೇನಲ್ಲ. ಪಿನಿಂಗ್‌ಳ ತಂದೆ ಕೆಲಸ ಹುಡುಕಿ ಪಟ್ಟಣಕ್ಕೆ ಹೊರಡುತ್ತಾನೆ, ಮಗಳು ಮೆಟ್ಟಿಲ ಮೇಲೆ ಕೂತು ನೋಡುತ್ತಾಳೆ, ಅಷ್ಟೆ. ಅಮ್ಮ ಬಂದು ಬಗ್ಗಿ ಹೇಳಿದಳು. ಹುಡುಗಿ ಶಾಟ್ ಮುಗಿದ ಮೇಲೂ ಅಳುತ್ತಲೇ ಇದ್ದಳು. ದೇಶವೆಲ್ಲ ನೆನಪಿಟ್ಟುಕೊಂಡ ಕಂತು ಅದೇ. ಹುಡುಗಿ ಕಣ್ಣೊರೆಸಿಕೊಂಡು, 'ಸುಳ್ಳು ಕಣೇ' ಎಂಬ ಮಾತಿಗಾಗಿ ಕಾದಳು. ಅಮ್ಮ ಬಂದಳು, ಮೂಗು ಒರೆಸಿದಳು, "ಮನೆಗೆ ಹೋಗೋಣ" ಎಂದಳು. ಜೀಪಿನಲ್ಲಿ ಶ್ಯಾವಿಗೆಯ ಡಬ್ಬ ಮಡಿಲಲ್ಲಿಟ್ಟುಕೊಂಡು ರಸ್ತೆಯುದ್ದಕ್ಕೂ ಕಿಟಕಿಯಾಚೆ ನೋಡುತ್ತಿದ್ದಳು. ಮನೆ ಮುಂದೆ ನೆಂಟರು ನಿಂತಿದ್ದರು. ಹಡಗು ತೈವಾನಿನ ಆಚೆ ಬಿರುಗಾಳಿಗೆ ಸಿಕ್ಕಿತ್ತು. ಹೆಣ ಸಿಗಲಿಲ್ಲ, ಹಾಗಾಗಿ ಪೆಟ್ಟಿಗೆಯೂ ಇಲ್ಲ.

ಆಮೇಲೆ ಪಿನಿಂಗ್ ಅಳಲಿಲ್ಲ. ಕಣ್ಣಿಗೆ ಔಷಧ ಹಾಕಿ ಕೆಲವು ಕಂತು ಎಳೆದರು, ಆಮೇಲೆ ಪಿನಿಂಗ್‌ಳನ್ನು ಕಥೆಯಲ್ಲಿ ಅಜ್ಜಿಯ ಊರಿಗೆ ಕಳಿಸಿಬಿಟ್ಟರು. ಅದೆಲ್ಫಾ ದೊಡ್ಡವಳಾದಳು, ಮದುವೆಯಾಗಲಿಲ್ಲ, ಅಂಗಡಿ ನೋಡಿಕೊಂಡಳು. ಅಮ್ಮನಿಗೆ ಮೊದಲೇ ಗೊತ್ತಿತ್ತು, ಗೊತ್ತಿದ್ದೂ ಆ ಸುದ್ದಿಯನ್ನು ಕ್ಯಾಮೆರಾಗೆಂದು ಕಾದಿಟ್ಟಳು ಎಂದು ಅವಳು ಬಲವಾಗಿ ನಂಬಿದ್ದಳು. ಅದಕ್ಕಾಗಿ ಸಿಟ್ಟು ಮಾಡಿಕೊಂಡಿರಲಿಲ್ಲ. ಸಿಟ್ಟಿಗೂ ಒಳಗೆ ಸ್ವಲ್ಪ ಬಿಸಿ ಬೇಕು. ಇಬ್ಬರೂ ಒಂದೇ ಒಲೆಯ ಎರಡು ಬದಿ ನಿಂತು ವರ್ಷಗಟ್ಟಲೆ ಶ್ಯಾವಿಗೆ ಬೇಯಿಸಿದರು.

ಮಣ್ಣಿಗೆ ಹೋಗುವ ಹಿಂದಿನ ದಿನ ಡಿವಿಡಿ ಕಂಪನಿಯಿಂದ ಅರಾಸೆಲಿ ಎಂಬ ಹೆಂಗಸು ಹೂವಿನ ಚಕ್ರ ಹೊರಿಸಿಕೊಂಡು ಬಂದಳು. ಹಳೆಯ ಟೇಪುಗಳನ್ನು ಹುಡುಕಿ ಹೊರತೆಗೆಯುವುದೇ ಅವಳ ಕೆಲಸ. ಮೆತ್ತಗಿನ ಮಾತಿನವಳು. ಕಾಫಿ ಕೈಯಲ್ಲಿ ಹಿಡಿದು ಕುಡಿಯದೆ ಕೂತಳು.

"ಭಾನುವಾರ ಮಾಲ್‌ನಲ್ಲಿ ಡಿವಿಡಿ ಸಮಾರಂಭ ಇದೆ ಅಕ್ಕ. ನೀವು ಬರ್ಲೇಬೇಕು ಅಂತ ಈಗ ಹೇಳೋಕೆ ಬಾಯಿ ಬರ್ತಿಲ್ಲ."

"ಬರ್ತೀನಿ. ಅಮ್ಮ ಒಪ್ಕೊಂಡಿದ್ರಲ್ಲ."

"ಡಬ್ಬೀಲಿರೋ ಕೊನೇ ಡಿಸ್ಕ್ ನೋಡಿದ್ರಾ?"

"ಯಾವುದನ್ನೂ ನೋಡಿಲ್ಲ."

ಅರಾಸೆಲಿ ಲೋಟ ಕೆಳಗಿಟ್ಟಳು. ಟೀವಿ ಧಾರಾವಾಹಿ ಹೇಗೆ ತಯಾರಾಗುತ್ತದೆ ಎಂದು ಆ ಕಾಲದಲ್ಲಿ ಕಾಲೇಜು ಹುಡುಗರು ಒಂದು ಸಾಕ್ಷ್ಯಚಿತ್ರ ತೆಗೆದಿದ್ದರಂತೆ. ಎಲ್ಲೂ ತೋರಿಸದೆ ಯಾರದೋ ಕಪಾಟಿನಲ್ಲಿ ಉಳಿದಿತ್ತಂತೆ. ಅದರಲ್ಲಿ ಯಾರು ಯಾರು ಇದ್ದಾರೆಂದು ಗುರುತು ಹೇಳಲು ಹೋದ ತಿಂಗಳು ಆಲಿಂಗ್ ಕೊಂಚಿಂಗ್‌ಳನ್ನು ಕಚೇರಿಗೆ ಕರೆಸಿದ್ದರಂತೆ.

"ಅಮ್ಮ ನನಗೆ ಹೇಳ್ಲಿಲ್ಲ," ಎಂದಳು ಅದೆಲ್ಫಾ.

"ಒಂದು ಕಡೆ ಅವರೇ ಬಂದು ನಿಮ್ಮ ಕಿವೀಲಿ ಮಾತಾಡ್ತಾರೆ. ಅದನ್ನ ಇನ್ನೊಂದ್ಸಲ ಹಾಕಿ ಅಂದ್ರು. ನಾನು ಹೇಳಿದ್ದು ಕೇಳಿಸುತ್ತಾ ಅಂತ ಕೇಳಿದ್ರು. ಆಗ ಬರೀ ಗೊರಗೊರ ಇತ್ತು, ಇಲ್ಲ ಅಂದ್ವಿ. ಆಮೇಲೆ ನಮ್ಮ ಹುಡುಗರು ಧ್ವನಿ ಎಲ್ಲ ಸರಿ ಮಾಡಿದ್ರು. ಈಗ ಕೇಳಿಸುತ್ತೆ. ಅಮ್ಮನಿಗೆ ಅದನ್ನ ಹೇಳೋಣ ಅನ್ನೋಷ್ಟರಲ್ಲಿ..." ಅರಾಸೆಲಿ ಪೆಟ್ಟಿಗೆಯ ಕಡೆ ನೋಡಿದಳು.

"ಕಾಫಿ ಆರ್ತಿದೆ," ಎಂದಳು ಅದೆಲ್ಫಾ.

ಅಮ್ಮನನ್ನು ಮಣ್ಣು ಮಾಡಿದ ಮರುದಿನ ಮಧ್ಯಾಹ್ನ, ಸಮುದ್ರದ ಭರತದ ನೀರು ಬೀದಿಯ ಮೇಲೆ ಹಿಮ್ಮಡಿಯಾಳ ನಿಂತಿತ್ತು. ಅದೆಲ್ಫಾ ರಬ್ಬರ್ ಚಪ್ಪಲಿಯಲ್ಲಿ ನೀರು ದಾಟಿ ಪೊಲ್ದೋನ ಅಂಗಡಿಗೆ ಹೋದಳು. ಗಿರಾಕಿ ಇರಲಿಲ್ಲ. ಅವನು ಕುರ್ಚಿಯಲ್ಲಿ ತಾನೇ ಕೂತು ತನ್ನ ಮೀಸೆ ಕತ್ತರಿಸಿಕೊಳ್ಳುತ್ತಿದ್ದ.

"ಕೊನೇ ಡಿಸ್ಕ್ ಹಾಕು."

"ಅದರಲ್ಲಿ ಕಥೆ ಇಲ್ವಲ್ಲ ತಾಯಿ. ಬರೀ ಬಲ್ಬು, ವೈರು."

"ಹಾಕು."

ಟೀವಿಯಲ್ಲಿ ಯಾವನೋ ಹುಡುಗ ಗಂಭೀರ ಧ್ವನಿ ಮಾಡಿಕೊಂಡು ವಿವರಣೆ ಕೊಡುತ್ತಿದ್ದ. ಹೊಳೆದಂಡೆಯ ಮನೆ ಪ್ಲೈವುಡ್ಡಿನದು, ಹಿಂದುಗಡೆ ಮೊಳೆಗಳೆಲ್ಲ ಕಾಣುತ್ತಿದ್ದವು. ಹೊಳೆ ಎಂದರೆ ಒಂದು ಅಗಲ ಬೋಗುಣಿಯ ನೀರು. ಒಬ್ಬ ಅದನ್ನು ಕೈಯಿಂದ ಕಲಕುತ್ತಿದ್ದರೆ ಅದರ ಬೆಳಕು ಗೋಡೆಯ ಮೇಲೆ ಅಲೆಯಾಗಿ ಆಡುತ್ತಿತ್ತು. ಮೆಟ್ಟಿಲ ಮೇಲೆ ಹುಡುಗಿಯೊಬ್ಬಳು ಮಂಡಿ ಕೆರೆದುಕೊಳ್ಳುತ್ತ ಕೂತಿದ್ದಳು.

ದೂರದಲ್ಲಿ ಅಮ್ಮ. ಶ್ಯಾವಿಗೆ ಬಡಿಸುತ್ತಿದ್ದಾಳೆ. ಈಗಿನ ಅದೆಲ್ಫಾಗಿಂತ ಎಷ್ಟೋ ಚಿಕ್ಕವಳು, ತೆಳ್ಳಗಿನ ಕತ್ತು, ಯಾರಿಗೋ ಏನೋ ಹೇಳಿ ನಗುತ್ತಿದ್ದಾಳೆ. ಗೇಟಿನ ಕಾವಲುಗಾರ ಬಂದ. ಟೋಪಿ ತೆಗೆದು ಅವಳಿಗೆ ಏನೋ ಹೇಳಿದ. ಅಮ್ಮನ ಕೈಯ ಸೌಟು ಡಬ್ಬದೊಳಗೆ ಜಾರಿತು. ಅವಳು ಅದನ್ನು ತೆಗೆಯಲಿಲ್ಲ. ಅಷ್ಟರಲ್ಲಿ ಎಲ್ಲಿಂದಲೋ, "ಕೊಂಚಿಂಗ್, ಕಿವಿ!" ಎಂಬ ಕೂಗು. ಅವಳ ಕಾಲುಗಳು ಅಭ್ಯಾಸಬಲದಿಂದ ನಡೆದು ಬಂದವು. ಕ್ಯಾಮೆರಾ ಹತ್ತಿರ ಸರಿಯಿತು. ಅಮ್ಮ ಬಗ್ಗಿದಳು. ಗೊರಗೊರದ ನಡುವೆ ಅವಳ ಧ್ವನಿ ಕೇಳಿಸಿತು.

"ಇವತ್ತು ಅಳಬೇಡ ಮಗಳೇ. ಇವತ್ತೊಂದು ದಿನ ಅಳಬೇಡ."

ಹುಡುಗಿ ತಲೆಯೆತ್ತಿ ತಾಯಿಯ ಮುಖ ನೋಡಿದಳು. ನೋಡುತ್ತಲೇ ಅವಳ ಬಾಯಿ ಸೊಟ್ಟಗಾಯಿತು, ಅಳು ಬಂತು. ಅಮ್ಮ ಎತ್ತಿಕೊಳ್ಳಲು ಕೈ ಚಾಚಿದಳು. ಕಿವಿಗೆ ಯಂತ್ರ ಹಾಕಿಕೊಂಡವನೊಬ್ಬ ಅವಳ ರಟ್ಟೆ ಹಿಡಿದು ಹಿಂದೆಳೆದ. ಕ್ಯಾಮೆರಾ ತಿರುಗಿ ನಿರ್ದೇಶಕನ ಅರಳಿದ ಮುಖ ತೋರಿಸಿತು. ಆಮೇಲೆ ವಿವರಣೆಯ ಹುಡುಗ ಬಲ್ಬುಗಳ ಶಕ್ತಿಯ ಬಗ್ಗೆ ಹೇಳತೊಡಗಿದ.

"ಹಿಂದಕ್ಕೆ ಹಾಕು," ಎಂದಳು ಅದೆಲ್ಫಾ.

ಪೊಲ್ದೋ ಹಾಕಿದ. ಇನ್ನೊಮ್ಮೆ ಎಂದಳು, ಇನ್ನೊಮ್ಮೆ ಹಾಕಿದ. ಎದೆಯಲ್ಲಿ ಏನಾದರೂ ಆದೀತೆಂದು ಅವಳು ಕಾದಳು. ಅಲ್ಲಿ ಏನೂ ಆಗಲಿಲ್ಲ. ಕಣ್ಣು ಪರದೆಯ ಮೇಲಿದ್ದರೂ ಅವಳ ಕಿವಿ ಮಾತ್ರ ಮೂವತ್ತು ವರ್ಷದಿಂದ ಕೇಳಿದ್ದನ್ನೇ ಕೇಳುತ್ತಿತ್ತು, 'ನಿನ್ನಪ್ಪ ಸತ್ತುಹೋದ್ರು ಮಗಳೇ' ಎಂದು. ಆ ಮಾತನ್ನು ಅಮ್ಮ ಅಂದು ಆಡಿರಲೇ ಇಲ್ಲ. ಯಾರೂ ಆಡಿರಲಿಲ್ಲ. ಅಂದೂ, ಆಮೇಲೂ.

"ಏನಂದ್ಲು? ನನಗೆ ಸರಿಯಾಗಿ ಕೇಳಿಸ್ಲಿಲ್ಲ," ಎಂದ ಪೊಲ್ದೋ, ಅರ್ಧ ಮೀಸೆಯ ಮುಖದಲ್ಲಿ.

"ಅಳಬೇಡ ಅಂದ್ರು."

ಪೊಲ್ದೋ ಕತ್ತರಿ ಕೆಳಗಿಟ್ಟ. "ಆದ್ರೂ ನೀನು ಅತ್ಬಿಟ್ಟೆ. ಆಗ್ಲೂ ಅಮ್ಮನ ಮಾತು ಕೇಳೋ ಹುಡುಗಿ ಅಲ್ಲ ನೀನು."

ಅದೆಲ್ಫಾಳ ಮೂಗಿನಿಂದ ಸಣ್ಣ ಗಾಳಿಯೊಂದು ಹೊರಬಿತ್ತು. ನಗೆಯೇ ಇರಬೇಕು. "ಮೀಸೆ ಸರಿ ಮಾಡ್ಕೋ," ಎಂದು ಹೇಳಿ ನೀರು ದಾಟಿಕೊಂಡು ಮನೆಗೆ ಬಂದಳು. ಬಂದವಳು, ಸಾವಿನ ಮನೆಯೆಂದು ಇನ್ನೂ ಗುಡಿಸುವ ಹಾಗಿಲ್ಲದ ಮುಂಗೋಣೆಯಲ್ಲಿ, ಪೆಟ್ಟಿಗೆಯಿದ್ದ ಜಾಗದಲ್ಲಿ, ಕುರ್ಚಿ ಹಾಕಿಕೊಂಡು ಕತ್ತಲಾಗುವವರೆಗೆ ಕೂತಿದ್ದಳು.

ಭಾನುವಾರ ಮಾಲ್‌ನ ನಡುಹಾಲಿನಲ್ಲಿ ಸಣ್ಣ ವೇದಿಕೆ ಹಾಕಿದ್ದರು. ಹಿಂದೆ ಪಿನಿಂಗ್‌ಳ ಅಳುವ ಮುಖ ಒಂದಾಳೆತ್ತರಕ್ಕೆ ನಿಂತಿತ್ತು. ಅದರ ಮುಂದೆ ಅದೆಲ್ಫಾ ಕಪ್ಪು ಬಟ್ಟೆಯಲ್ಲಿ ಕೂತು ಡಬ್ಬಿಗಳ ಮೇಲೆ ಸಹಿ ಮಾಡಿದಳು. ಮಧ್ಯವಯಸ್ಸಿನ ಹೆಂಗಸರು ಬಂದು ಅವಳ ಕೆನ್ನೆ ಮುಟ್ಟಿ ನೋಡಿದರು. ನಿರೂಪಣೆ ಮಾಡುವ ಹುಡುಗ ಮೈಕನ್ನು ಅವಳ ಬಾಯಿಗೆ ಹಿಡಿದ.

"ಪಿನಿಂಗ್ ಅಕ್ಕ, ಎಲ್ಲರೂ ಅದಕ್ಕೇ ಬಂದಿರೋದು. ಒಂದೇ ಒಂದು ಹನಿ."

"ಬರಲ್ಲಪ್ಪ," ಎಂದಳು. ಜನ ಅದನ್ನು ತಮಾಷೆಯೆಂದು ನಕ್ಕರು.

ಆಗ ಗುಂಪನ್ನು ಸರಿಸಿಕೊಂಡು ಒಂದು ಗಾಲಿಕುರ್ಚಿ ಬಂತು. ಅದರಲ್ಲಿ ರುಫೋ. ಧಾರಾವಾಹಿಯಲ್ಲಿ ಪಿನಿಂಗ್‌ಳ ಅಪ್ಪನಾಗಿದ್ದವನು. ಅಂದು ತೋಳಿನಲ್ಲಿ ಎರಡು ಮಕ್ಕಳನ್ನು ಜೋತುಹಾಕಿಕೊಳ್ಳುತ್ತಿದ್ದ ಆಳು ಈಗ ಒಣಗಿದ ಮೀನಿನಂತಾಗಿದ್ದ. ಕಿವಿ ಮುಕ್ಕಾಲು ಹೋಗಿತ್ತು. ಸೊಸೆ ಕುರ್ಚಿಯನ್ನು ವೇದಿಕೆಯ ಮೇಲೇರಿಸಿದಳು. ಅವನು ಅದೆಲ್ಫಾಳ ಕೈ ಹಿಡಿದುಕೊಂಡು ಅವಳ ಹಿಂದೆ ಮುಂದೆ ಹುಡುಕಿದ.

"ಕೊಂಚಿಂಗ್ ಎಲ್ಲಿ? ಶ್ಯಾವಿಗೆ ತಂದಿಲ್ವಾ?"

"ಅಮ್ಮ ಇಲ್ಲ ಅಪ್ಪ." ಅವನನ್ನು ಅವಳು ಅಂದಿನಿಂದಲೂ ಅಪ್ಪ ಎನ್ನುತ್ತಿದ್ದಳು.

"ಹಾಂ? ಮಲಗಿದಾಳಾ?"

"ತೀರ್ಕೊಂಡ್ರು."

"ತೀರಿಸ್ಕೊಂಡ್ಲಾ? ಏನನ್ನ?"

ಜನ ಮತ್ತೆ ನಕ್ಕರು. ಅದೆಲ್ಫಾ ಎದ್ದು ನಿಂತಳು. ನಿರೂಪಕ ಹುಡುಗನ ಮೈಕ್ ಇನ್ನೂ ಅವಳ ಬಾಯಿಯ ಹತ್ತಿರವೇ ಇತ್ತು. "ಸತ್ತುಹೋದ್ರು," ಎಂದಳು. ಅವನು ಕಿವಿಗೆ ಕೈ ಹಿಡಿದ. ಅವಳು ಗಂಟಲೆತ್ತಿದಳು. "ನಮ್ಮಮ್ಮ ಸತ್ತುಹೋದ್ರು. ಕೊಂಚಿಂಗ್ ಸತ್ತುಹೋದ್ರು!"

ಮಾತು ಮಾಲ್‌ನ ಮೇಲಿನ ಅಂತಸ್ತುಗಳವರೆಗೆ ಹೋಗಿ ತಿರುಗಿ ಬಂತು. ಯಾರೋ ಹಾಡು ನಿಲ್ಲಿಸಿದರು. ಚಲಿಸುವ ಮೆಟ್ಟಿಲ ಮೇಲಿದ್ದವರು ಬಗ್ಗಿ ನೋಡುತ್ತಲೇ ಮೇಲೆ ಹೋದರು.

ರುಫೋ ಅವಳ ಮುಖವನ್ನೇ ನೋಡುತ್ತಿದ್ದ. ಆಮೇಲೆ ಮೆಲ್ಲಗೆ, ಹಳೆಯ ಗುಟ್ಟನ್ನು ಬಲ್ಲವನಂತೆ ಕೇಳಿದ. "ಸುಳ್ಳು ತಾನೆ? ಕ್ಯಾಮೆರಾಗೆ ಹೇಳ್ತಿದೀಯ."

ಅಂದರೆ ಅವನಿಗೆ ಗೊತ್ತಿತ್ತು. ಸ್ಟುಡಿಯೋದಲ್ಲಿ ಎಲ್ಲರಿಗೂ ಗೊತ್ತಿತ್ತೋ ಏನೋ. ಅದೆಲ್ಫಾ ಅವನ ಮುಂದೆ ಮಂಡಿಯೂರಿ, ತುಟಿ ಓದಲು ಅನುಕೂಲವಾಗುವಂತೆ ಒಂದೊಂದೇ ಮಾತು ಬಿಡಿಸಿ ಹೇಳಿದಳು. "ಇಲ್ಲ ಅಪ್ಪ. ಇದು ನಿಜ. ಸಂತೇಲಿ ಬಿದ್ದು ಹೋದ್ರು. ಮೊನ್ನೆ ಮಣ್ಣು ಮಾಡಿದ್ವಿ."

ಮುದುಕ ಅತ್ತ. ನಟನ ಅಳುವಲ್ಲ ಅದು, ಜೊಲ್ಲು ಸುರಿಯುವ ಅಳು. ಅದೆಲ್ಫಾ ಅವನ ಮುಖ ಒರೆಸಿದಳು, ಮತ್ತೆ ಒರೆಸಿದಳು. ಆಮೇಲೆ ವೇದಿಕೆಯ ಮೇಲೆಯೇ ಕೂತುಬಿಟ್ಟಳು. ಜೋಮು ಬಿಡುವಾಗಿನಂತೆ ಕೈಬೆರಳುಗಳು ಚುಚ್ಚುತ್ತಿದ್ದವು. ಅರಾಸೆಲಿ ಬಂದು ಮೈಕ್ ತೆಗೆದುಕೊಂಡು ಹೋದಳು. ಸಹಿಗೆ ನಿಂತವರು ಒಬ್ಬೊಬ್ಬರಾಗಿ ಡಬ್ಬಿ ಚೀಲಕ್ಕೆ ಹಾಕಿಕೊಂಡು ಕರಗಿದರು.

ಒಂಬತ್ತನೆಯ ದಿನದ ಪ್ರಾರ್ಥನೆ ಮುಗಿದು ನೆಂಟರು ಹೊರಟ ಮೇಲೆ ಚಿಕ್ಕಮ್ಮ ಬೆರ್ತಾ, ಅದೆಲ್ಫಾ ಇಬ್ಬರೇ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದರು. ಬಿಸಿಲು ಇನ್ನೂ ಇತ್ತು.

"ಮಾಲ್‌ನಲ್ಲೂ ಅಳ್ಲಿಲ್ವಂತೆ ನೀನು."

"ರುಫೋ ಅತ್ರು. ಒಬ್ಬರು ಸಾಕು."

ಬೆರ್ತಾ ಬಾಣಲೆಯ ಮಸಿ ಉಜ್ಜಿದಳು. ಅದೆಲ್ಫಾ ತಟ್ಟೆಯೊಂದನ್ನು ಎತ್ತಿ ಬಿಸಿಲಿಗೆ ಒರಗಿಸಿಟ್ಟು ಕೇಳಿದಳು. "ಚಿಕ್ಕಮ್ಮ, ಅಪ್ಪ ಹೋದ ದಿನ ನೀನಿಲ್ಲೇ ಇದ್ದೆ. ನನಗೆ ಯಾರೂ ಯಾಕೆ ಹೇಳ್ಲಿಲ್ಲ?"

ಬೆರ್ತಾಳ ಕೈ ನಿಂತಿತು. ಈ ಪ್ರಶ್ನೆ ಎಂದೋ ಬರಬೇಕಿತ್ತು ಎಂಬಂತೆ ಅವಳು ಉಸಿರು ಬಿಟ್ಟಳು. "ನೀನು ಹೇಳೇ ಅಂತ ನಿಮ್ಮಮ್ಮ ನನ್ನ ಕಾಲು ಹಿಡ್ಕೊಂಡ್ಲು. ಹೆತ್ತವಳು ನೀನು, ನೀನೇ ಹೇಳು ಅಂದೆ. ಅದಕ್ಕವಳು, ಎಷ್ಟು ಸಲ ಹೇಳಿದೀನಿ, ಬರೀ ಸುಳ್ಳು ಹೇಳಿದೀನಿ, ಈಗ ಅದೇ ಮಾತು ಹೇಳಿದ್ರೆ ಮಗು ನಂಬಲ್ಲ, ಅಮ್ಮ ಯಾವಾಗ ಸುಳ್ಳು ಅಂತಾಳೆ ಅಂತ ನನ್ನ ಮುಖ ನೋಡ್ತಾ ಕೂತಿರ್ತಾಳೆ, ಅಂದ್ಲು. ಬಾಗಿಲವರೆಗೆ ಬಂದು ಬಂದು ವಾಪಸ್ ಹೋಗ್ತಿದ್ಲು. ನೀನು ಅಕ್ಕಿ ಮೂಟೆ ಮೇಲೆ ಕೂತಿದ್ದೆ."

"ಆಮೇಲೆ?"

"ಆಮೇಲೇನು? ನಿದ್ದೆ ಹೋದೆ ನೀನು. ಬೆಳಗಾಯ್ತು. ಮನೆ ತುಂಬ ಜನ. ನಿನಗೆ ಗೊತ್ತಾಗಿದೆ ಅಂದ್ಕೊಂಡ್ವಿ."

"ಗೊತ್ತಾಗಿತ್ತು," ಎಂದಳು ಅದೆಲ್ಫಾ.

ಅವಳು ಕೈಯಲ್ಲಿದ್ದ ತಟ್ಟೆಯನ್ನು ಒಂದೇ ಕಡೆ ಉಜ್ಜುತ್ತಲೇ ಇದ್ದಳು. ಬೆರ್ತಾ ಅದನ್ನು ತೆಗೆದುಕೊಂಡು ತಾನೇ ತೊಳೆದಿಟ್ಟಳು.

"ಆ ದಿನದ್ದು ಇನ್ನೂ ಇದೆ. ಕೇಳ್ತೀಯಾ?"

"ಹೇಳು," ಎಂದು ಅದೆಲ್ಫಾ ಮಣೆಯನ್ನು ಚಿಕ್ಕಮ್ಮನ ಹತ್ತಿರಕ್ಕೆ ಎಳೆದುಕೊಂಡಳು.